ಮದನಿಕೆಯ ಕಾಲಡಿಯ ಬಳ್ಳಿಗಾವಿ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಎಲ್ಲರೂ ಕತ್ತೆತ್ತಿ ನೋಡುವುದು ಸೂರಿನಡಿಯ ಮದನಿಕೆಯರನ್ನು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಬಿಲ್ಲೆತ್ತಿ ಬೇಟೆಯಾಡುವವಳು, ಮದ್ದಳೆಗೆ ಹೆಜ್ಜೆ ಹಾಕುವವಳು, ಹೀಗೆ ಆಟ, ಬೇಟೆ, ಕುಣಿತದ ಒಂದು ಚಿತ್ರಮಾಲೆಯೇ ಅಲ್ಲಿದೆ. ಒಬ್ಬಳ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಲಸಿನ ಹಣ್ಣಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿಯೊಂದು ಹೊಂಚು ಹಾಕಿದೆ. ಅಷ್ಟು ಎತ್ತರದಲ್ಲಿ ನೊಣವನ್ನು ಯಾರು ನೋಡುತ್ತಾರೆ ಎಂಬ ಲೆಕ್ಕಾಚಾರಕ್ಕೆ ಶಿಲ್ಪಿ ಹೋಗಿಲ್ಲ. ಇಷ್ಟೆಲ್ಲ ನೋಡಿದ ಕಣ್ಣು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಪೀಠ. ಕೆಲವು ಪೀಠಗಳ ಮೇಲೆ ಸಣ್ಣ ಅಕ್ಷರಗಳಲ್ಲಿ ಹೆಸರುಗಳಿವೆ. ಅವುಗಳಲ್ಲಿ ದಾಸೋಜನದೊಂದು, ಅವನ ಮಗ ಚಾವಣನದೊಂದು. ನಾಲ್ಕು ಮದನಿಕೆಗಳು ಅಪ್ಪನವು, ಐದು ಮಗನವು ಎಂದು ಗುರುತಿಸಲಾಗಿದೆ. ಇಬ್ಬರ ಊರು ಬಳ್ಳಿಗಾವಿ, ಅಂದರೆ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಬೇಲೂರಿನಿಂದ ಸುಮಾರು 200 ಕಿ.ಮೀ. ದೂರ. 1117ರಲ್ಲಿ ಪ್ರತಿಷ್ಠೆಯಾದ ಹೊಯ್ಸಳ ದೊರೆ ವಿಷ್ಣುವರ್ಧನನ ದೇವಾಲಯದಲ್ಲಿ ಶಿಲ್ಪಿ ತನ್ನ ಊರನ್ನೂ ಅಪ್ಪನನ್ನೂ ಏಕೆ ಬರೆದ? ಆ ಅಭ್ಯಾಸದ ಬೇರು ಬೇಲೂರಿನಲ್ಲಿಲ್ಲ, ಶಿಕಾರಿಪುರ–ಸೊರಬದ ನೆಲದ ಹಳೆಯ ರೂಢಿಯೊಂದರಲ್ಲಿದೆ ಎಂಬುದು ನನ್ನ ವಾದ.

ಆ ರೂಢಿಯನ್ನು ಕಾಣಲು ವೀರಗಲ್ಲುಗಳ ಮುಂದೆ ನಿಲ್ಲಬೇಕು. ಸೊರಬದ ಊರೂರಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಅವು ನಿಂತಿವೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ಶಾಸನಸಂಗ್ರಹದಲ್ಲಿ ಶಿಕಾರಿಪುರ 1902ರ 7ನೇ ಸಂಪುಟಕ್ಕೆ, ಸೊರಬ 1904ರ 8ನೇ ಸಂಪುಟಕ್ಕೆ ಸೇರಿದವು. ಸೊರಬದ ಭಾಗವನ್ನು ತಿರುವಿದರೆ ಸತ್ತವರ ಕಲ್ಲುಗಳೇ ಸಾಲುಸಾಲಾಗಿ ಎದುರಾಗುತ್ತವೆ. ಅವುಗಳ ಚಿತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಕೆಳಗಿನ ಅಂಕಣದಲ್ಲಿ ಕಾಳಗ, ತುರುಗೋಳಾದರೆ ಒಂದಿಷ್ಟು ದನ. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಲಿಂಗ, ಬಸವ, ಪೂಜಿಸುವವನು, ನೆತ್ತಿಯಲ್ಲಿ ಸೂರ್ಯಚಂದ್ರ. ಜೈನನಾದರೆ ಅದೇ ಜಾಗದಲ್ಲಿ ಜಿನ. ಚಿತ್ರವನ್ನಷ್ಟೇ ನೋಡಿದರೆ ಒಬ್ಬ ವೀರನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಹೇಳುವುದು ಕಷ್ಟ. ವ್ಯಕ್ತಿ ಇರುವುದು ಅಂಕಣಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ: ಇಂಥ ಊರಿನ, ಇಂಥವನ ಮಗ, ಇಂಥವನು, ತುರು ಮರಳಿಸಿ ಸತ್ತ. ಚಿತ್ರ ಎಲ್ಲರದು, ಅಂಚು ಒಬ್ಬನದು. ಹೆಸರು, ಹೆತ್ತವರು, ಊರು, ಮಾಡಿದ ಕೆಲಸ, ಈ ನಾಲ್ಕನ್ನೂ ಅಂಚಿನಲ್ಲಿ ಹಿಡಿಸುವುದನ್ನು ಈ ನಾಡಿನ ಕಲ್ಲುಕುಟಿಗ ನಿತ್ಯದ ಕಸುಬಾಗಿ ಮಾಡಿಕೊಂಡು ಬಂದಿದ್ದ. ದಾಸೋಜ, ಚಾವಣರು ಬೇಲೂರಿನ ಪೀಠಗಳಲ್ಲಿ ಕೊಡುವುದೂ ಇವನ್ನೇ. ವೀರನಿಗಾಗಿ ಅವರ ಕುಲ ತಲೆಮಾರುಗಳಿಂದ ಕಡೆದ ಪಟ್ಟಿಯನ್ನು ಅವರು ತಮಗಾಗಿ ಒಮ್ಮೆ ಕಡೆದುಕೊಂಡರು.

ಇದಕ್ಕೆ ಮೊದಲು ಏಳುವ ಆಕ್ಷೇಪ ಸರಳವಾದದ್ದು, ಬಲವಾದದ್ದೂ ಹೌದು. ಆ ಹೆಸರುಗಳು ಕೂಲಿಯ ಲೆಕ್ಕಕ್ಕಾಗಿ ಇರಬಹುದಲ್ಲ? ಯಾರು ಯಾವ ವಿಗ್ರಹ ಮುಗಿಸಿದರು ಎಂದು ಉಸ್ತುವಾರಿಯವನಿಗೆ ಗೊತ್ತಾಗಬೇಕಲ್ಲ? ಹೊಯ್ಸಳರ ಮುಂದಿನ ಕಾಲದ ಗುಡಿಗಳಲ್ಲಿ ಇದಕ್ಕೆ ಆಧಾರವೂ ಇದೆ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ವಿಗ್ರಹದಿಂದ ವಿಗ್ರಹಕ್ಕೆ ಮರುಕಳಿಸುತ್ತದೆ. ಎಷ್ಟೋ ಕಡೆ ಅದು ‘ಮಲ್ಲಿ’ ಎಂದು, ಬರೀ ‘ಮ’ ಎಂದು ಮೊಟಕಾಗಿದೆ. ಆ ಒಂಟಿ ಅಕ್ಷರ ಲೆಕ್ಕದ ಗುರುತು ಎಂದರೆ ನಾನು ಒಪ್ಪುತ್ತೇನೆ. ಆದರೆ ಅದೇ ಒಂಟಿ ಅಕ್ಷರ ನನ್ನ ವಾದಕ್ಕೂ ಸಾಕ್ಷಿಯಾಗುತ್ತದೆ. ಲೆಕ್ಕಕ್ಕೆ ‘ಮ’ ಸಾಕಾಗುವುದಾದರೆ ಬಳ್ಳಿಗಾವಿಯ ಹೆಸರೇಕೆ, ಅಪ್ಪನ ಹೆಸರೇಕೆ? ಬೇಲೂರಿನ ಶಿಲ್ಪಿಗಳು ಬಿರುದುಗಳನ್ನೂ ಬರೆದುಕೊಂಡಿದ್ದಾರೆ. ಎದುರಾಳಿ ಶಿಲ್ಪಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಶಿವ ಎಂಬಂಥ ಬಿರುದು ಯಾವ ಕೂಲಿಯ ಪುಸ್ತಕಕ್ಕೂ ಬೇಕಿಲ್ಲ. ವೀರಗಲ್ಲಿನ ಭಾಷೆಯಲ್ಲಿ ಶತ್ರುವನ್ನು ಮುರಿದವನಿಗೆ ಸಲ್ಲುತ್ತಿದ್ದ ಹೊಗಳಿಕೆಯನ್ನು ಶಿಲ್ಪಿ ತನ್ನ ಉಳಿಗೆ ಸಲ್ಲಿಸಿಕೊಂಡಿದ್ದಾನೆ. ‘ದಾಸೋಜ’ ಎಂಬುದರಲ್ಲಿರುವ ‘ಓಜ’ ಕೂಡ ಉಪಾಧ್ಯಾಯ ಎಂಬ ಮಾತು ಸವೆದು ಬಂದದ್ದು. ಕಲ್ಲು ಕಡೆಯುವವನನ್ನು ಗುರು ಎಂದು ಕರೆದ ನುಡಿ ನಮ್ಮದು ಎಂಬುದು ಹೆಮ್ಮೆಯ ವಿಷಯ.

ಎರಡನೆಯ ಆಕ್ಷೇಪ ನಮ್ಮ ಕಲೆಯ ಬಗ್ಗೆ ಬಹುಕಾಲ ನಡೆದುಬಂದ ನಂಬಿಕೆಯಿಂದ ಬರುತ್ತದೆ. ಭಾರತದ ಶಿಲ್ಪಿ ಅನಾಮಿಕ, ದೇವರಿಗಾಗಿ ತನ್ನನ್ನು ಮರೆತವನು, ಹೆಸರಿನ ಆಸೆ ಇಲ್ಲದವನು ಎಂದು ಆನಂದ ಕುಮಾರಸ್ವಾಮಿ ಅವರಂಥ ಹಿರಿಯರು ಬಲವಾಗಿ ಬರೆದರು. ಹೊಯ್ಸಳ ಶಿಲ್ಪಿಗಳ ಹೆಸರುಗಳನ್ನು ಒಟ್ಟುಮಾಡಿ ಈ ಚಿತ್ರವನ್ನು ತಿದ್ದಿದವರಲ್ಲಿ ಷ. ಶೆಟ್ಟರ್ ಮುಖ್ಯರು. ಶಿಕಾರಿಪುರ ತಾಲ್ಲೂಕಿಗೆ ಈ ನಂಬಿಕೆ ಇನ್ನೂ ಹಿಂದಿನಿಂದಲೇ ಒಗ್ಗುವುದಿಲ್ಲ. ಬಳ್ಳಿಗಾವಿಗೆ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ, ಕ್ರಿ.ಶ. 5ನೇ ಶತಮಾನದ ಕಂಬವೊಂದಿದೆ. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿನ ಕುದುರೆ ಸವಾರನೊಬ್ಬನೊಂದಿಗಿನ ಜಗಳದಿಂದ ಕೆರಳಿ ಕತ್ತಿ ಹಿಡಿದ ಕತೆಯನ್ನು, ಕದಂಬರ ವಂಶಾವಳಿಯನ್ನು, ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಸಂಸ್ಕೃತ ಕಾವ್ಯ ಅದರ ಮೇಲಿದೆ. ಕೊನೆಯಲ್ಲಿ ಕವಿ ಕುಬ್ಜ, ಶಾಂತಿವರ್ಮನ ಅಪ್ಪಣೆಯಂತೆ ಈ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದೆನೆಂದು ಸೇರಿಸಿದ್ದಾನೆ. ಅರಸನ ಕತೆಯ ತುದಿಯಲ್ಲಿ ತನ್ನ ಕೈಯ ಮಾತು. ದಾಸೋಜನಿಗಿಂತ ಆರು ಶತಮಾನಗಳಿಗೂ ಹಿಂದೆ ಅವನದೇ ಸೀಮೆಯಲ್ಲಿ ಕೆಲಸ ಮಾಡಿದವನು ಅಂಚಿನಲ್ಲಿ ತನ್ನನ್ನು ಇಟ್ಟುಕೊಂಡಿದ್ದ.

ಬೇಲೂರಿಗೆ ಗದಗಿನ ಕಡೆಯಿಂದ ಬಂದ ಶಿಲ್ಪಿಗಳೂ ಊರು ಹೇಳಿಕೊಂಡಿದ್ದಾರೆ, ಹಾಗಾದರೆ ಬಳ್ಳಿಗಾವಿಗೇನು ವಿಶೇಷ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ವೀರಗಲ್ಲು ಬಳ್ಳಿಗಾವಿಯೊಂದರ ಸೊತ್ತಲ್ಲ. ಗದಗ, ಹಾನಗಲ್ಲು, ಬನವಾಸಿಗಳ ನಾಡೆಲ್ಲ ಅದನ್ನು ಬಲ್ಲದು. ಆದ್ದರಿಂದ ವಾದದ ಎಲ್ಲೆ ದೊಡ್ಡದಾಗುತ್ತದೆಯೇ ಹೊರತು ವಾದ ಬೀಳುವುದಿಲ್ಲ. ಆದರೂ ಬಳ್ಳಿಗಾವಿ ಎಂಬ ಹೆಸರಿಗೆ ಆಗ ಇದ್ದ ತೂಕವನ್ನು ಮರೆಯಬಾರದು. ಅದು ಬನವಾಸಿ 12,000 ನಾಡಿನ ರಾಜಧಾನಿ. 1047ರ ಗಂಡಭೇರುಂಡ ಕಂಬ, 11ನೇ ಶತಮಾನದ ತ್ರಿಪುರಾಂತಕ ದೇವಾಲಯ, ಅದರ ಗೋಡೆಯ ಸಣ್ಣ ಪಟ್ಟಿಕೆಗಳಲ್ಲಿ ಪಂಚತಂತ್ರದ ಕತೆಗಳು, ಎಲ್ಲವೂ ಬೇಲೂರಿಗಿಂತ ಹಳೆಯವು. ಕೋಡಿಯ ಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವೂ ಬಡವರಿಗೆ ಅನ್ನವೂ ರೋಗಿಗಳಿಗೆ ಮದ್ದೂ ಸಿಗುತ್ತಿದ್ದುದನ್ನು ಹೇಳುತ್ತದೆ. ಇಂಥ ಊರಿನವನು ಎಂದು ಬರೆದುಕೊಳ್ಳುವುದು ವಿಳಾಸವೂ ಹೌದು, ಅರ್ಹತೆಯೂ ಹೌದು.

ಇನ್ನೊಂದು ತೊಡಕು ಸೊರಬದಿಂದಲೇ ಬರುತ್ತದೆ. ಸೊರಬ, ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಬಳ್ಳಿ, ಎಲೆ, ದೇವರು, ಪ್ರಾಣಿಗಳನ್ನು ಪೆಟ್ಟಿಗೆಯ ಮೈಮೇಲೆ ಹೆಣೆದ ಅವರ ಕೈಚಳಕವನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ಹೊಗಳಿದೆ. ಅವರು ಹೆಸರಾದದ್ದು ಕುಲದ ಹೆಸರಿನಿಂದ. ಅಂಚಿನಲ್ಲಿ ಹೆಸರಿಡುವ ರೂಢಿ ಅಷ್ಟು ಆಳವಾಗಿದ್ದರೆ ಅದು ಮರಕ್ಕೆ ಏಕೆ ಇಳಿದು ಬರಲಿಲ್ಲ? ನನಗೆ ತೋರುವಂತೆ ಕಾರಣ ಕೊಳ್ಳುವವನಲ್ಲಿದೆ. ಗುಡಿಯ ಕಲ್ಲು ನಿಂತಲ್ಲೇ ನಿಲ್ಲುತ್ತದೆ. ಬಳ್ಳಿಗಾವಿ ಎಂದರೆ ಏನೆಂದು ಬಲ್ಲವರು ಅದರ ಕೆಳಗೆ ಓಡಾಡುತ್ತಾರೆ. ಗಂಧದ ಪೆಟ್ಟಿಗೆ ದೂರದ ಮನೆಗೆ ಉಡುಗೊರೆಯಾಗಿ ಹೋಗುತ್ತದೆ. ಅಲ್ಲಿ ‘ಮೈಸೂರಿನ ಗಂಧದ ಕೆಲಸ’ ಎಂಬುದಷ್ಟೇ ಬೆಲೆ ತರುತ್ತದೆ. ಓದುವವರಿಲ್ಲದ ಕಡೆ ಹೆಸರು ಅಳಿಯಿತು, ಹೆಸರಿಡುವ ಮನಸ್ಸು ಅಳಿಯಿತೆನ್ನಲು ಇದು ಆಧಾರವಾಗದು.

ಹೆಸರು ಓದುವವರಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಬೇಲೂರೇ ಇನ್ನೊಂದು ಸಾಕ್ಷಿ ಕೊಡುತ್ತದೆ. ಆ ಗುಡಿಯನ್ನು ಕಟ್ಟಿದವನು ಜಕಣಾಚಾರಿ ಎಂದು ನಾಡೆಲ್ಲ ಹೇಳುತ್ತದೆ. ಮಗ ಡಂಕಣ ವಿಗ್ರಹದ ಕಲ್ಲಿನಲ್ಲಿ ದೋಷ ಕಂಡ, ಒಡೆದಾಗ ಕಪ್ಪೆ ಹೊರಬಂತು, ಅಪ್ಪ ಮಾತಿನಂತೆ ಕೈ ಕಡಿದುಕೊಂಡ, ಕೈದಾಳದಲ್ಲಿ ಕೈ ಮರಳಿ ಬಂತು. ಆ ಹೆಸರಿನ ಶಿಲ್ಪಿ ಬೇಲೂರಿನ ಪೀಠಗಳ ಮೇಲೆ ಇಲ್ಲ. ಆದರೂ ಜನ ಕಟ್ಟಿದ ಕತೆಯಲ್ಲಿ ಬೇಕಾದ್ದೆಲ್ಲ ಇದೆ: ಬೇರೆ ಊರಿನಿಂದ ಬಂದ ಶಿಲ್ಪಿ, ಅಪ್ಪನ ಎದುರು ನಿಂತ ಮಗ, ಚಿತ್ರದೊಳಗೆ ಅಡಗಿದ ಗುಟ್ಟು. ಆ ಕತೆಗೆ ಆಸರೆಯಾಗಬಲ್ಲ ನಿಜವಾದ ಅಪ್ಪ-ಮಗ ಇಬ್ಬರು ಅದೇ ಸೂರಿನಡಿ ಬರವಣಿಗೆಯಲ್ಲೇ ಇದ್ದಾರೆ. ಮಗ ಅಪ್ಪನ ಕೀರ್ತಿಗೆ ಸವಾಲು ಹಾಕಿದ್ದು ಕತೆಯಲ್ಲಿ. ಕಲ್ಲಿನ ಮೇಲೆ ಚಾವಣ, ಬಿಲ್ಲು ಗಿಳಿ ಕನ್ನಡಿಗಳ ಆ ಸಾಲಿನಲ್ಲಿ, ತನ್ನ ಹೆಸರಿಗೆ ಮುಂಚೆ ದಾಸೋಜನ ಹೆಸರನ್ನು ಕಡೆದಿದ್ದಾನೆ.