ಹೊಟ್ಟೆಯೊಳಗೆ ಅರವತ್ತು ಮಂದಿ

ಸ್ಟಾರ್ ವಾರ್ಸ್ ಸರಣಿಯ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' (1980) ನೋಡಿದವರಿಗೆ ಆ ಹಿಮದ ಯುದ್ಧ ಮರೆಯೋದು ಕಷ್ಟ. ದೂರದಲ್ಲಿ ಮಂಜಿನ ನಡುವೆ ಏನೋ ಕಪ್ಪಗೆ ಅಲ್ಲಾಡುತ್ತೆ. ಆಮೇಲೆ ಧಡ್... ಧಡ್... ಅಂತ ನೆಲ ನಡುಗುತ್ತೆ. ನಾಲ್ಕು ಕಾಲಿನ, ಉಕ್ಕಿನ ಮೈಯ, ಮನೆಗಿಂತ ಎತ್ತರದ ಯಂತ್ರಗಳು ನಿಧಾನವಾಗಿ ನಡೆದು ಬರುತ್ತವೆ. ತಲೆಯಲ್ಲಿ ಚಾಲಕರು, ಹೊಟ್ಟೆಯಲ್ಲಿ ಸೈನಿಕರು. ಎಟಿ-ಎಟಿ ಅಂತ ಹೆಸರು. ಬಿಡಿಸಿ ಹೇಳಿದರೆ ಆಲ್ ಟೆರೇನ್ ಆರ್ಮರ್ಡ್ ಟ್ರಾನ್ಸ್‌ಪೋರ್ಟ್, ಅಂದರೆ ಎಂಥಾ ನೆಲದ ಮೇಲೂ ಹೋಗುವ ಕವಚದ ಗಾಡಿ. ಅದರ ಮೈಗೆ ಯಾವ ಗುಂಡೂ ತಾಗೋದಿಲ್ಲ. ಕೊನೆಗೆ ಒಂದು ಪುಟ್ಟ ವಿಮಾನ ಅದರ ಕಾಲಿಗೆ ಹಗ್ಗ ಸುತ್ತಿ ಕೆಡವುತ್ತೆ.

ನಮ್ಮ ಕಡೆಯ ಯಾವ ಮಗುವಿಗೆ ತೋರಿಸಿದರೂ ಅದು "ಆನೆ!" ಅಂತಲೇ ಕೂಗುತ್ತೆ. ಮಗು ಹೇಳೋದು ಸರಿಯೇ. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಈಗಿನಷ್ಟು ಬೆಳೆದಿರಲಿಲ್ಲ. ಫಿಲ್ ಟಿಪ್ಪೆಟ್, ಜಾನ್ ಬರ್ಗ್ ಮತ್ತಿತರರು ಪುಟ್ಟ ಮಾದರಿಗಳನ್ನು ಇಟ್ಟುಕೊಂಡು, ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು ಫ್ರೇಮ್ ಅಂತ ತೆಗೆದರು. ಒಂದು ಸೆಕೆಂಡಿನ ನಡಿಗೆಗೆ 24 ಸಲ! ಆ ನಡಿಗೆ ನಿಜವೆನಿಸಬೇಕಲ್ಲ? ಅದಕ್ಕೆ ಒಂದು ಆನೆಯನ್ನು ಕರೆಸಿ, ನಡೆಸಿ, ಚಿತ್ರೀಕರಿಸಿ ಅಭ್ಯಾಸ ಮಾಡಿದರು.

ಇಂಥದ್ದನ್ನು ನಿಜವಾಗಿ ಕಟ್ಟಲು ಹೋದವರೂ ಇದ್ದಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರಾಲ್ಫ್ ಮೋಷರ್ ಎಂಬ ಎಂಜಿನಿಯರ್ 1968ರ ಹೊತ್ತಿಗೆ ಸೈನ್ಯಕ್ಕಾಗಿ ಒಂದು ನಡೆಯುವ ಟ್ರಕ್ ಮಾಡಿದ. ಸುಮಾರು 11 ಅಡಿ ಎತ್ತರ, ನಾಲ್ಕು ಕಾಲು, ಒಂದೂಕಾಲು ಟನ್ನಿಗಿಂತ ಹೆಚ್ಚು ತೂಕ. ಚಕ್ರ ಹೋಗದ ಕಾಡು, ಕೆಸರಿನಲ್ಲೂ ಸಾಮಾನು ಹೊರಬೇಕು ಅನ್ನೋದು ಉದ್ದೇಶ. ಒಳಗೆ ಕೂತವನ ಕೈಗಳೇ ಮುಂಗಾಲು, ಅವನ ಕಾಲುಗಳೇ ಹಿಂಗಾಲು. ಅವನು ಕೈ ಎತ್ತಿದರೆ ಯಂತ್ರ ಮುಂಗಾಲು ಎತ್ತುತ್ತಿತ್ತು. ಯಂತ್ರವೇನೋ ನಡೆಯಿತು, ಸುಸ್ತಾದದ್ದು ಒಳಗಿದ್ದವನು. ನಾಲ್ಕು ಕಾಲನ್ನೂ ಒಬ್ಬನೇ ಯೋಚಿಸಿ ಯೋಚಿಸಿ ಆಡಿಸೋದು ಸ್ವಲ್ಪ ಹೊತ್ತಿಗೇ ತಲೆ ಕೆಡಿಸುತ್ತಿತ್ತು. ಸೈನ್ಯ ಕೈಬಿಟ್ಟಿತು. ಹಸು ಇದನ್ನೆಲ್ಲ ಹುಲ್ಲು ಮೇಯುತ್ತಾ ಮಾಡುತ್ತದೆ, ನಾವು ಅದನ್ನು ಬುದ್ಧಿ ಇಲ್ಲದ್ದು ಅಂತೀವಿ :)

ಸರಿ, ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ಚಕ್ರ ಹೋಗದ ಕಡೆ ನಡೆದುಹೋಗುವ, ಮೇಲೆ ಸೈನಿಕರನ್ನು ಹೊತ್ತ, ಮೈಗೆ ಕವಚ ಹಾಕಿದ ವಾಹನ ನಮ್ಮಲ್ಲಿ ಎರಡು ಸಾವಿರ ವರ್ಷ ಬಳಕೆಯಲ್ಲಿತ್ತು. ಮೆಗಾಸ್ತನೀಸ್ ಬರೆದ ಪ್ರಕಾರ ಯುದ್ಧದ ಆನೆಯ ಮೇಲೆ ನಾಲ್ವರು, ಮಾವುತ ಒಬ್ಬ, ಬಿಲ್ಲುಗಾರರು ಮೂವರು. ಕನ್ನಡ ನಾಡಿನ ಅರಸರಿಗಂತೂ ಆನೆ ಅಂದರೆ ಪ್ರಾಣ. ಗಂಗರ ಲಾಂಛನವೇ ಆನೆ. ಎಂಟನೇ ಶತಮಾನದ ಶ್ರೀಪುರುಷ 'ಗಜಶಾಸ್ತ್ರ' ಬರೆದ. ಅವನ ಮಗ ಇಮ್ಮಡಿ ಶಿವಮಾರ ಕನ್ನಡದಲ್ಲೇ 'ಗಜಾಷ್ಟಕ' ಬರೆದನಂತೆ, ಅದನ್ನು ಹೆಂಗಸರು ಭತ್ತ ಕುಟ್ಟುತ್ತಾ ಒನಕೆವಾಡಾಗಿ ಹಾಡುತ್ತಿದ್ದರಂತೆ. ರಾಜ ಬರೆದ ಆನೆಶಾಸ್ತ್ರ ಅಡುಗೆಮನೆ ಜಗಲಿಯ ಹಾಡಾದದ್ದು! ಆ ಕೃತಿ ಈಗ ಉಳಿದಿಲ್ಲ. ಉಳಿದಿದ್ದರೆ ನಮ್ಮ ಟೆಕ್ನಿಕಲ್ ಮ್ಯಾನ್ಯುಯಲ್ ಬರೆಯುವವರಿಗೆಲ್ಲ ಓದಿಸಬಹುದಿತ್ತು.

ಐಹೊಳೆಯ ಮೇಗುಟಿ ಬಸದಿಯಲ್ಲಿ 634ರ ಶಾಸನವಿದೆ, ರವಿಕೀರ್ತಿಯದ್ದು. ಇಮ್ಮಡಿ ಪುಲಿಕೇಶಿಯೆದುರು ಹರ್ಷನ ಆನೆಗಳು ಉರುಳಿ ಬಿದ್ದದ್ದನ್ನು ಹೇಳಿ, ಹರ್ಷನ ಹರ್ಷವೇ ಹೋಯಿತು ಅಂತ ಅದರಲ್ಲಿ ಪದದಾಟ ಆಡಿದ್ದಾನೆ. ಅದೇ ಪುಲಿಕೇಶಿಯ ನಾಡಿಗೆ ಬಂದಿದ್ದ ಹ್ಯುಯೆನ್ ತ್ಸಾಂಗ್ ಇನ್ನೊಂದು ಸಂಗತಿ ಹೇಳುತ್ತಾನೆ. ಯುದ್ಧಕ್ಕೆ ಮೊದಲು ಇಲ್ಲಿಯವರು ತಾವೂ ಕುಡಿದು ಆನೆಗಳಿಗೂ ಕುಡಿಸುತ್ತಿದ್ದರಂತೆ. ನನಗೆ ಈ ಸಾಲು ಓದಿದಾಗಲೆಲ್ಲ ಆನೆಯ ಮೇಲೆ ಕನಿಕರ ಬರುತ್ತೆ. ಆನೆ ಸ್ವಭಾವತಃ ಯುದ್ಧಕ್ಕೆ ಒಗ್ಗುವ ಪ್ರಾಣಿ ಆಗಿದ್ದಿದ್ದರೆ ಹೆಂಡ ಯಾಕೆ ಬೇಕಿತ್ತು?

ಯಾವ ವ್ಯವಸ್ಥೆಯಲ್ಲಾದರೂ ಒಂದು ಕಡೆ ಕೆಟ್ಟರೆ ಎಲ್ಲವೂ ನಿಲ್ಲುವ ಜಾಗ ಇರುತ್ತಲ್ಲ, ನಮ್ಮ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಯುದ್ಧದ ಆನೆಗೆ ಅಂಥವು ಎರಡು, ಕಾಲು ಮತ್ತು ಮನಸ್ಸು. ಆನೆಗೆ ಹಾರಲು ಬರೋದಿಲ್ಲ. 2003ರಲ್ಲಿ ಥಾಯ್ಲೆಂಡಿನ ಆನೆಗಳನ್ನು ಓಡಿಸಿ ಅಳೆದರು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲೂ ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಡಲಿಲ್ಲ. ಹಾಗಾಗಿ ಒಂದು ಕಂದಕ ತೋಡಿದರೆ ನಿಂತುಬಿಡುತ್ತೆ. ಇನ್ನು ಮನಸ್ಸು. ಬೆಂಕಿ, ಸದ್ದು, ನೋವು ಇವುಗಳಿಗೆ ಬೆದರಿದರೆ ತಿರುಗಿ ತನ್ನ ಸೈನ್ಯವನ್ನೇ ತುಳಿಯುತ್ತೆ. ಕ್ರಿ.ಪೂ. 207ರಲ್ಲಿ ಇಟಲಿಯಲ್ಲಿ ಹೋರಾಡಿದ ಕಾರ್ಥೇಜಿನ ಮಾವುತರ ಕೈಯಲ್ಲಿ ಒಂದು ಉಳಿ, ಒಂದು ಸುತ್ತಿಗೆ ಇರುತ್ತಿತ್ತು ಅಂತ ಲಿವಿ ಬರೆದಿದ್ದಾನೆ. ಆನೆ ಹಿಡಿತ ತಪ್ಪಿದರೆ ಕಿವಿಗಳ ನಡುವೆ ಉಳಿ ಇಟ್ಟು ಹೊಡೆದು ಕೊಲ್ಲಲು. ತಾನೇ ಸಾಕಿದ ಆನೆಯನ್ನು! 1526ರಲ್ಲಿ ಪಾಣಿಪತ್ತಿನಲ್ಲಿ ಬಾಬರನ ತೋಪುಗಳ ಮುಂದೆ ಲೋದಿಯ ಆನೆಗಳು ಯಾವ ಕೆಲಸಕ್ಕೂ ಬರಲಿಲ್ಲ. ಆದರೂ 1565ರಲ್ಲಿ ತಾಳಿಕೋಟೆಯಲ್ಲಿ ರಾಮರಾಯ ಸೆರೆಸಿಕ್ಕಿದ್ದು ಆನೆಯಿಂದಲೇ. ನಿಜಾಮಶಾಹನ ಆನೆ ಮೈಮೇಲೆ ಬಂದಾಗ ಪಲ್ಲಕ್ಕಿ ಹೊತ್ತವರು ಅದನ್ನು ಇಳಿಸಿ ಓಡಿದರು ಅಂತ ಫರಿಶ್ತಾ ಹೇಳುತ್ತಾನೆ. ಯೋಚಿಸಿದರೆ ಪಲ್ಲಕ್ಕಿಯೂ ಕಾಲಿನ ಮೇಲೆ ನಡೆಯುವ ವಾಹನವೇ, ಅಲ್ವಾ?

ಈಗ ನಮ್ಮ ಊರಿಗೆ ಬರೋಣ. ನಮ್ಮದು ಸಿದ್ಧಕಟ್ಟೆ ಕಡೆ, ಒಂದು ದಿಕ್ಕಿಗೆ ಮೂಡುಬಿದಿರೆ, ಇನ್ನೊಂದಕ್ಕೆ ಬಂಟ್ವಾಳ, ಮತ್ತೊಂದಕ್ಕೆ ಬೆಳ್ತಂಗಡಿ. ಈ ಮೂರು ಊರುಗಳ ಸುತ್ತ ಹಿಂದೆ ಮೂರು ಜೈನ ಅರಸುಮನೆತನಗಳಿದ್ದವು. ಪುತ್ತಿಗೆ, ಮೂಡುಬಿದಿರೆಯಲ್ಲಿ ಚೌಟರು, ವೇಣೂರಿನ ಕಡೆ ಅಜಿಲರು, ಬಂಗವಾಡಿ ಮತ್ತು ನಂದಾವರದಲ್ಲಿ ಬಂಗರು. ಬಯಲುಸೀಮೆಯ ದೊಡ್ಡ ಸೈನ್ಯಗಳ ಕಥೆ ಓದಿ ಇಲ್ಲಿಗೆ ಬಂದರೆ ನೆಲವೇ ಬೇರೆ. ಒಂದು ಗುಡ್ಡ, ಒಂದು ಗದ್ದೆ, ಒಂದು ತೋಡು, ಮತ್ತೆ ಗುಡ್ಡ. ಜಾರುವ ಮುರಕಲ್ಲು, ಮಳೆಗಾಲದಲ್ಲಿ ಮೊಣಕಾಲು ಹೂಳುವ ಕೆಸರು, ತುಂಬಿ ಹರಿಯುವ ನೇತ್ರಾವತಿ, ಫಲ್ಗುಣಿ. ನೂರು ಆನೆಗಳನ್ನು ಸಾಲಾಗಿ ನಿಲ್ಲಿಸಲು ಜಾಗ ಎಲ್ಲಿದೆ? ಬೆಳ್ತಂಗಡಿಯ ಗಡಾಯಿಕಲ್ಲನ್ನೇ ನೋಡಿ. 1794ರಲ್ಲಿ ಟಿಪ್ಪು ಅಲ್ಲಿ ಜಮಲಾಬಾದ್ ಕೋಟೆ ಕಟ್ಟಿಸಿದ. ನೆಟ್ಟಗೆ ನಿಂತ ಬಂಡೆ, ಹತ್ತಲು ಕಡಿದಾದ ಮೆಟ್ಟಿಲ ದಾರಿ ಒಂದೇ. ಎಟಿ-ಎಟಿಯನ್ನೇ ತಂದು ನಿಲ್ಲಿಸಿದರೂ ಬುಡದಲ್ಲಿ ನಿಂತು ಕತ್ತೆತ್ತಿ ನೋಡಬೇಕಷ್ಟೆ.

1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ ಈ ಸೀಮೆಗೆ ಬಂದಿದ್ದ. ಚೌಟರ ಮನೆತನದ ಉಳ್ಳಾಲದ ರಾಣಿಯನ್ನು ನೋಡಬೇಕು ಅಂತ ಮಣೇಲಿಗೆ ಹೋದ. ಗಂಡನಾದ ಬಂಗರಸನನ್ನು ಬಿಟ್ಟು, ಪೋರ್ಚುಗೀಸರ ಜೊತೆಗಿದ್ದ ಅವನನ್ನೇ ಎದುರು ಹಾಕಿಕೊಂಡು, ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ತನ್ನ ಪಕ್ಷಕ್ಕೆ ಕರೆತಂದ ಹೆಂಗಸು. ಅಂಥವಳು ಅವನಿಗೆ ಸಿಕ್ಕಿದ್ದು ಹೇಗೆ ಗೊತ್ತಾ? ಬೀದಿಯಲ್ಲಿ, ಬರಿಗಾಲಲ್ಲಿ, ನಡೆದುಕೊಂಡು. ನೀರಿನ ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು. ವೇಷ ನೋಡಿದರೆ ರಾಣಿ ಅನ್ನಿಸೋದಿಲ್ಲ, ಮಾತು ಕೇಳಿದರೆ ಅನ್ನಿಸುತ್ತೆ ಅನ್ನೋ ಅರ್ಥದಲ್ಲಿ ಅವನು ಬರೆದಿದ್ದಾನೆ. ತುಳುನಾಡಿನ ಯುದ್ಧದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಚಿತ್ರ ಇದು. ಕಾಲುವೆಯಲ್ಲಿ ನೀರು ಬಂದರೆ ಗದ್ದೆ, ಗದ್ದೆಯಿದ್ದರೆ ಅಕ್ಕಿ, ಅಕ್ಕಿ ಇದ್ದರೆ ಸೈನಿಕರು.

ಹಾಗಂತ ಆನೆ ನಮ್ಮ ಕಡೆಯವರ ಲೆಕ್ಕದಲ್ಲಿ ಇಲ್ಲ ಅಂತಲ್ಲ. ಬೆಳ್ತಂಗಡಿಯ ಚಾರ್ಮಾಡಿ, ನೆರಿಯ, ಶಿಶಿಲದ ಕಡೆಯ ಅಡಿಕೆ ತೋಟದವರನ್ನು ಕೇಳಿ. ಘಟ್ಟದಿಂದ ಇಳಿದು ಬರುವ ಆನೆ ಒಂದೇ ರಾತ್ರಿಯಲ್ಲಿ ಬಾಳೆ, ಅಡಿಕೆ, ತೆಂಗಿನ ಸಸಿಗಳನ್ನು ನೆಲಸಮ ಮಾಡಿ ಹೋಗುತ್ತೆ. ಹತ್ತು ವರ್ಷ ನೀರು ಹಾಕಿ ಬೆಳೆಸಿದ್ದು. ಅವರ ಹತ್ತಿರ ಇರುವ ಆಯುಧ ಯಾವುದು? ಗರ್ನಾಲು, ತಮಟೆ, ಬೆಂಕಿ. ಅರಣ್ಯ ಇಲಾಖೆಯವರದು ಆನೆ ಕಂದಕ. ಎರಡು ಸಾವಿರ ವರ್ಷದ ಹಿಂದಿನ ಸೇನಾಪತಿಗಳ ಪಟ್ಟಿಯೂ ಹೆಚ್ಚುಕಮ್ಮಿ ಇದೇ. ಸಿನಿಮಾದಲ್ಲಿ ಕಂದಕದೊಳಗೆ ನಿಂತು ದೂರಕ್ಕೆ ಕಣ್ಣು ಹಾಯಿಸುವವರ ಜಾಗದಲ್ಲಿ ನನಗೆ ಈ ತೋಟದ ಮಾಳಗಳಲ್ಲಿ ರಾತ್ರಿ ಕಾಯುವವರೇ ಕಾಣುತ್ತಾರೆ. ಒಂದು ವ್ಯತ್ಯಾಸ ಇದೆ. ಇಲ್ಲಿ ಎದುರಿಗಿರೋದು ಯಾವ ಸಾಮ್ರಾಜ್ಯದ್ದೂ ಅಲ್ಲ, ಹಸಿದ ಪ್ರಾಣಿ. ಅದರ ಕಾಡನ್ನು ಯಾರು ಕಡಿದರು ಅನ್ನೋದು ಬೇರೆ ಲೇಖನಕ್ಕಾಗುವಷ್ಟು ಇದೆ.

ಇನ್ನು ಹೊಟ್ಟೆಯೊಳಗೆ ಜನ ಕೂರಿಸಿದ ಯಂತ್ರದ ಆನೆ. ಇದೂ ನಮ್ಮಲ್ಲಿ ಇತ್ತು, ಕಥೆಯಲ್ಲಿ. ಸುಮಾರು ಐದನೇ ಶತಮಾನದ, ಧಮ್ಮಪದಕ್ಕೆ ಪಾಲಿ ಭಾಷೆಯಲ್ಲಿ ಬರೆದ ವ್ಯಾಖ್ಯಾನದಲ್ಲಿ ಕೋಸಂಬಿಯ ಉದಯನ ರಾಜನ ಕಥೆ ಬರುತ್ತೆ. ವೀಣೆ ನುಡಿಸಿ ಎಂಥಾ ಆನೆಯನ್ನೂ ಪಳಗಿಸುವುದು ಅವನ ವಿದ್ಯೆ. ಅವನನ್ನು ಹಿಡಿಯಲು ಉಜ್ಜಯಿನಿಯ ಪ್ರದ್ಯೋತ ಒಂದು ಮರದ ಆನೆ ಮಾಡಿಸಿದ. ಮೇಲೆ ಬಟ್ಟೆ ಸುತ್ತಿ ಬಣ್ಣ ಬಳಿದು, ಒಳಗೆ ಯಂತ್ರ ಕೂರಿಸಿ, ಅರವತ್ತು ಮಂದಿಯನ್ನು ಹೊಟ್ಟೆಯೊಳಗೆ ಇಟ್ಟು ಕಾಡಿನ ಅಂಚಿನಲ್ಲಿ ಬಿಟ್ಟ. ಅವರು ಒಳಗೆ ಅತ್ತಿತ್ತ ಓಡಾಡುತ್ತಿದ್ದರು. ನಡುನಡುವೆ ಸಲಿಕೆಯಲ್ಲಿ ಆನೆ ಲದ್ದಿಯನ್ನೂ ಹೊರಗೆ ಹಾಕುತ್ತಿದ್ದರು! ಹಾಲಿವುಡ್ಡಿಗೆ ಈ ಡೀಟೇಲು ಹೊಳೆದಿಲ್ಲ ನೋಡಿ. ಸಾವಿರದೈನೂರು ವರ್ಷದ ಹಿಂದೆ ಯಾರೋ ಒಬ್ಬ ಕಥೆಗಾರ ಕೂತು, ನಕಲಿ ಅಂತ ಗೊತ್ತಾಗದಿರಲು ಇನ್ನೇನು ಬೇಕು ಅಂತ ತಲೆ ಕೆರೆದುಕೊಂಡಿದ್ದಾನೆ.

ಉದಯನ ಬಂದ, ಮಂತ್ರ ಹೇಳಿದ, ವೀಣೆ ನುಡಿಸಿದ. ಮರದ ಕಿವಿಗೆ ವೀಣೆ ಕೇಳಿಸುತ್ತಾ? ಆನೆ ತಿರುಗಿ ಓಡಿತು. ಅವನು ಹಿಂದೆಯೇ ಬಿದ್ದ, ತನ್ನ ಸೈನ್ಯ ಹಿಂದೆ ಉಳಿಯಿತು, ಸಿಕ್ಕಿಬಿದ್ದ. ಆಮೇಲೆ ಪ್ರದ್ಯೋತನ ಮಗಳು ವಾಸವದತ್ತೆಯ ಜೊತೆ ಅವನು ತಪ್ಪಿಸಿಕೊಂಡಿದ್ದು ಒಂದು ನಿಜವಾದ ಹೆಣ್ಣಾನೆಯ ಮೇಲೆ. ಭಾಸನ ನಾಟಕದಲ್ಲೂ ಸೋಮದೇವನ ಕಥಾಸರಿತ್ಸಾಗರದಲ್ಲೂ ಈ ಕಪಟದ ಆನೆ ಬೇರೆ ಬೇರೆ ರೂಪದಲ್ಲಿದೆ. ನಮಗೂ ಉದಯನ ದೂರದವನಲ್ಲ. ಅವನ ಮಗನೇ ಬೃಹತ್ಕಥೆಯ ನಾಯಕ. ಆ ಬೃಹತ್ಕಥೆಯನ್ನು ಆರನೇ ಶತಮಾನದ ಗಂಗ ದೊರೆ ದುರ್ವಿನೀತ ಸಂಸ್ಕೃತಕ್ಕೆ ತಂದ ಅಂತ ಶಾಸನಗಳು ಹೇಳುತ್ತವೆ. ಮತ್ತೆ ಅದೇ ಆನೆ ಲಾಂಛನದ ಮನೆತನ!

ಇಷ್ಟೆಲ್ಲ ಆದ ಮೇಲೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಬೇಕು. ಊರಿಗೆ ಬರುವವರೆಲ್ಲ 1430ರ ಸಾವಿರ ಕಂಬದ ಬಸದಿ ನೋಡಿ, ಅದರ ಭೈರಾದೇವಿ ಮಂಟಪದ ಜಗಲಿಯಲ್ಲಿ ಕೆತ್ತಿದ ಜಿರಾಫೆಯ ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಅರಮನೆಗೆ ಹೋಗುವವರು ಕಡಿಮೆ. ಅಲ್ಲಿಯ ಮರದ ಕಂಬಗಳಲ್ಲಿ ಒಂದು ಕೆತ್ತನೆ ಇದೆ, ನವನಾರಿ ಕುಂಜರ. ದೂರದಿಂದ ಆನೆ. ಹತ್ತಿರ ಹೋದರೆ ಆನೆ ಅಂತ ಒಂದಿಲ್ಲ, ಒಂಬತ್ತು ಹೆಂಗಸರು ಬಾಗಿ, ಒರಗಿ, ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಪಕ್ಕದ ಕೆತ್ತನೆ ಪಂಚನಾರಿ ತುರಗ, ಐವರು ಸೇರಿದ ಕುದುರೆ. ಆನೆ, ಕುದುರೆ ಅಂದರೆ ಚತುರಂಗ ಸೈನ್ಯದಲ್ಲಿ ಅರ್ಧ.

ಈ ಕಲ್ಪನೆ ಮೂಡುಬಿದಿರೆಯದ್ದೊಂದೇ ಅಲ್ಲ, ದೇಶದ ಬೇರೆ ಕಡೆ ಶಿಲ್ಪಗಳಲ್ಲಿ, ಚಿತ್ರಗಳಲ್ಲಿ ಸಿಗುತ್ತೆ. ಪಂಡಿತರು ಇದಕ್ಕೆ ಶೃಂಗಾರದ ಅರ್ಥ ಹೇಳುತ್ತಾರೆ, ಕಲಾವಿದನ ಜಾಣ್ಮೆ ಅಂತಾರೆ. ಇರಬಹುದು. ನನಗೆ ಮಾತ್ರ ಅದರ ಮುಂದೆ ನಿಂತರೆ ಪ್ರದ್ಯೋತನ ಅರವತ್ತು ಮಂದಿ ನೆನಪಾಗುತ್ತಾರೆ. ಅಲ್ಲಿ ಆನೆಯ ಹೊಟ್ಟೆಯೊಳಗೆ ಜನ ಅಡಗಿದ್ದರು, ಹೊರಗಿನಿಂದ ಕಾಣಬಾರದಿತ್ತು. ಎಟಿ-ಎಟಿಯದ್ದೂ ಅದೇ, ಉರುಳಿ ಬೀಳುವವರೆಗೂ ಒಳಗೆ ಮನುಷ್ಯರಿದ್ದಾರೆ ಅಂತ ನಮಗೆ ಅನ್ನಿಸೋದೇ ಇಲ್ಲ. ಮೂಡುಬಿದಿರೆಯ ಬಡಗಿ ಮಾತ್ರ ಚರ್ಮ, ಕವಚ ಎರಡನ್ನೂ ಸುಲಿದು ತೆಗೆದಿದ್ದಾನೆ. ಯಾರು ಹೊರುತ್ತಿದ್ದಾರೆ, ಯಾರ ಬೆನ್ನು ಬಾಗಿದೆ, ಎಲ್ಲವೂ ಕಾಣುತ್ತೆ.

ಅರಮನೆ ಈಗಲೂ ಚೌಟ ವಂಶಸ್ಥರು ವಾಸವಿರುವ ಮನೆ, ಮ್ಯೂಸಿಯಂ ಅಲ್ಲ. ಹೋಗುವವರು ಅಂಗಳದಲ್ಲೇ ನಿಂತು, ಕೇಳಿ, ಚಪ್ಪಲಿ ಕಳಚಿಟ್ಟು ಒಳಗೆ ಹೋಗಿ. ಬೆಳಕು ಚೆನ್ನಾಗಿರುವಾಗ ಹೋಗೋದು ಒಳ್ಳೆಯದು, ಕಂಬಗಳು ಕಪ್ಪು. ಒಂಬತ್ತೂ ಮಂದಿಯನ್ನು ಎಣಿಸಲು ಸ್ವಲ್ಪ ಹೊತ್ತು ಹಿಡಿಯುತ್ತೆ.