ಟ್ರೇಲರಿಗೆ ವಿದ್ಯುತ್ ಬ್ರೇಕು ಬಂದ ಕಥೆ



ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿದವರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ. ಇಳುಕಲಿನಲ್ಲಿ ಗಾಡಿಯೇ ಎತ್ತನ್ನು ತಳ್ಳುತ್ತದೆ. ನೊಗ ಮುಂದಕ್ಕೆ ಜಾರಿ ಕೊಂಬಿಗೆ ಒತ್ತುತ್ತದೆ. ಹಿರಿಯರು ಇದಕ್ಕೆ ಉಪಾಯ ಮಾಡಿಕೊಂಡಿದ್ದರು. ಗಾಲಿಯ ಹಿಂದೆ ಅಡ್ಡಮರವೊಂದನ್ನು ಕಟ್ಟಿ, ಹಗ್ಗ ಜಗ್ಗಿ, ಅದು ಗಾಲಿಗೆ ಒತ್ತುವಂತೆ ಮಾಡುತ್ತಿದ್ದರು. ಭಾರ ಎಲ್ಲಿದೆಯೋ ಹಿಡಿತವೂ ಅಲ್ಲೇ ಇತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಊರುಗಳಲ್ಲಿ ನಾವು ಆ ಅಡ್ಡಮರವನ್ನು ಮರೆತೇಬಿಟ್ಟೆವು.

ಮೂರು ವರ್ಷದ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ನಾನು ಒಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಬರುತ್ತಿದ್ದೆ. ಅಲ್ಲಿ ಕೂರಬಾರದು ಎಂದು ಊರೂರಿಗೆ ಹೇಳುವವನೂ ನಾನೇ, ಅದು ಬೇರೆ ಮಾತು. ಕೆರೆ ಏರಿಯಿಂದ ಇಳಿಯುವಾಗ ಎದುರಿಗೆ ಕರುವೊಂದು ಬಂತು. ಹುಡುಗ ಬ್ರೇಕು ತುಳಿದ. ಟ್ರ್ಯಾಕ್ಟರಿನ ಗಾಲಿ ನಿಂತಿತು, ಹಿಂದಿನ ಭಾರ ನಿಲ್ಲಲಿಲ್ಲ. ಟ್ರೇಲರು ತಳ್ಳಿದ ರಭಸಕ್ಕೆ ಟ್ರ್ಯಾಕ್ಟರು ಅಡ್ಡ ತಿರುಗಿ, ಮುಂದಿನ ಗಾಲಿ ಏರಿಯ ಅಂಚಿಗೆ ಬಂದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ; ಅರ್ಧ ಕಬ್ಬು ಕೆರೆ ಪಾಲಾಯಿತು. ಅದರ ಯಜಮಾನರು, ವಯಸ್ಸಾದವರು, ನನ್ನನ್ನು ಕೇಳಿದರು: “ಸಾಹೇಬ್ರೇ, ಮುಂದಿನದಕ್ಕೆ ಬ್ರೇಕು ಮಡಗವ್ರೆ. ಹೊರೆ ಇರೋದು ಹಿಂದ್ಗಡೆ. ಅದಕ್ಯಾಕೆ ಮಡಗಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೋದಾಗ ಸಿಕ್ಕ ಕಥೆಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ರೈಲಿನಲ್ಲಿ. ಅಮೆರಿಕಾದ ಗೂಡ್ಸ್ ಗಾಡಿಗಳಲ್ಲಿ ಆಳುಗಳು ಓಡುವ ಡಬ್ಬಿಗಳ ನೆತ್ತಿಯ ಮೇಲೆ ನಡೆದು, ಒಂದೊಂದು ಡಬ್ಬಿಯ ಕೈಚಕ್ರವನ್ನೂ ತಿರುಗಿಸಿ ಬ್ರೇಕು ಹಾಕಬೇಕಿತ್ತು. ಮಳೆ, ಮಂಜು, ಕತ್ತಲು ಏನೇ ಇರಲಿ. ಕಾಲು ಜಾರಿ ಸತ್ತವರು ಬಹಳ. ೧೮೬೯ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬಾತ ಗಾಳಿಯ ಒತ್ತಡದಿಂದ ಎಲ್ಲ ಡಬ್ಬಿಗಳಿಗೂ ಒಮ್ಮೆಗೇ ಬ್ರೇಕು ಹಾಕುವ ಉಪಾಯಕ್ಕೆ ಪೇಟೆಂಟ್ ಪಡೆದ. ಆದರೆ ಅದರಲ್ಲೊಂದು ಊನವಿತ್ತು. ನಡುವೆ ಕೊಳವೆ ಹರಿದರೆ ಬ್ರೇಕೇ ಇಲ್ಲ! ೧೮೭೨ರಲ್ಲಿ ಅವನೇ ಅದನ್ನು ತಿರುವುಮುರುವು ಮಾಡಿದ. ಕೊಳವೆಯಲ್ಲಿ ಸದಾ ಗಾಳಿ ತುಂಬಿರುವುದು. ಗಾಳಿ ಹೋದರೆ ಬ್ರೇಕು ತಾನಾಗಿ ಹಿಡಿಯುವುದು. ಡಬ್ಬಿ ಕಳಚಿಕೊಂಡರೆ ಅದು ತಾನೇ ನಿಲ್ಲುತ್ತದೆ. ೧೮೯೩ರಲ್ಲಿ ಅಮೆರಿಕಾ ಸರಕಾರ ರೈಲುಗಳಿಗೆ ಗಾಳಿ ಬ್ರೇಕನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಈ ೧೮೭೨ರ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೋಟಾರು ಬಂತು. ೧೯೨೧ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕು ಗಾಲಿಗೂ ಎಣ್ಣೆಯ ಒತ್ತಡದ ಬ್ರೇಕು ಬಂತು. ಸರಿ, ಅದೇ ಎಣ್ಣೆಯನ್ನು ಹಿಂದಿನ ಟ್ರೇಲರಿಗೂ ಹರಿಸಬಾರದೇ ಎಂದು ನೀವು ಕೇಳಬಹುದು. ಟ್ರೇಲರನ್ನು ದಿನಾ ಕೂಡಿಸಿ ಕಳಚಬೇಕು. ಪ್ರತಿ ಸಲವೂ ಕೊಳವೆಯೊಳಗೆ ಗಾಳಿ ಸೇರುವ ಭಯ. ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ, ಹಿಡಿತ ಹೋಗುತ್ತದೆ. ತಂತಿಗೆ ಈ ತಾಪತ್ರಯವಿಲ್ಲ. ಪ್ಲಗ್ಗು ಸಿಕ್ಕಿಸಿದರೆ ಮುಗಿಯಿತು.

ಇದನ್ನು ಹಿಡಿದವನು ವಿಸ್ಕಾನ್ಸಿನ್ ಪ್ರಾಂತದ ಬಿಲಾಯ್ಟ್ ಊರಿನ ಆರ್ಥರ್ ವಾರ್ನರ್. ಈತ ವಿಚಿತ್ರ ಉತ್ಸಾಹಿ. ಮೋಟಾರಿನ ವೇಗ ತೋರಿಸುವ ಸ್ಪೀಡೋಮೀಟರ್ ಮಾಡಿ ಹೆಸರಾದವನು. ೧೯೦೯ರಲ್ಲಿ ಆ ಪ್ರಾಂತದಲ್ಲೇ ಮೊದಲಿಗನಾಗಿ ವಿಮಾನ ಹಾರಿಸಿದವನು. ೧೯೨೭ರಲ್ಲಿ ವಿದ್ಯುತ್ ಬ್ರೇಕಿನ ಕಂಪನಿ ಕಟ್ಟಿದ.

ಇದರ ಕೆಲಸ ನೋಡಿದರೆ ನಿಮಗೇ ಇಷ್ಟವಾಗುತ್ತದೆ. ಗಾಲಿಯ ಡ್ರಮ್ಮಿನೊಳಗೆ ಒಂದು ಸಣ್ಣ ಸನ್ನೆಕೋಲು, ಅದರ ತುದಿಯಲ್ಲಿ ತಂತಿ ಸುತ್ತಿದ ಅಯಸ್ಕಾಂತ. ವಿದ್ಯುತ್ ಹರಿದ ಕೂಡಲೇ ಅಯಸ್ಕಾಂತ ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಡ್ರಮ್ಮು ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಸನ್ನೆಕೋಲು ಹೊರಳಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಅಂದರೆ ನಿಲ್ಲಿಸುವ ಬಲವನ್ನು ಬ್ಯಾಟರಿ ಕೊಡುವುದಿಲ್ಲ, ಓಡುವ ಗಾಲಿಯೇ ಕೊಡುತ್ತದೆ. ಬ್ಯಾಟರಿಯದು ಬರೀ ಸನ್ನೆ. ೧೨ ವೋಲ್ಟಿನಲ್ಲಿ ಒಂದು ಅಯಸ್ಕಾಂತಕ್ಕೆ ಸುಮಾರು ೩ ಆಂಪಿಯರ್ ಸಾಕು.

ಆದರೆ ಆ ಸನ್ನೆ ಮುಟ್ಟಬೇಕಲ್ಲ! ತಂತಿ ಕೂಡಿಸುವ ಕೆಲಸದಲ್ಲೇ ಹೆಚ್ಚಿನ ತಪ್ಪುಗಳಾಗುವುದು. ನಾಲ್ಕು ಗಾಲಿಯ ಟ್ರೇಲರು ಎನ್ನೋಣ. ಒಂದೊಂದು ಅಯಸ್ಕಾಂತದ ತಡೆ ೪ ಓಮ್. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಪ್ರತಿಯೊಂದಕ್ಕೂ ದಕ್ಕುವುದು ೩ ವೋಲ್ಟ್ ಮಾತ್ರ. ಬ್ರೇಕು ಹಿಡಿಯುವುದೇ ಇಲ್ಲ. ಪ್ರತಿಯೊಂದಕ್ಕೂ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ ಇರಬೇಕು. ಹಾಗೆ ಕೂಡಿಸಿದರೆ ನಾಲ್ಕರ ಒಟ್ಟು ತಡೆ ೧ ಓಮ್. ಈಗ ದಾರಿಯಲ್ಲಿ ಸಣಕಲು ತಂತಿ, ತುಕ್ಕು ಹಿಡಿದ ಜೋಡಣೆ ಸೇರಿ ಅರ್ಧ ಓಮ್ ನುಂಗಿತೆನ್ನಿ. ೧೨ ವೋಲ್ಟಿನಲ್ಲಿ ೮ ಮಾತ್ರ ಗಾಲಿ ಮುಟ್ಟುತ್ತದೆ. ಅಮೆರಿಕಾದ ಕಾರುಗಳಲ್ಲಿ ೧೯೫೦ರ ದಶಕದ ನಡುವಿನವರೆಗೂ ಹೆಚ್ಚಾಗಿ ೬ ವೋಲ್ಟಿನ ಬ್ಯಾಟರಿಯೇ ಇದ್ದದ್ದು. ಅಂದಿನವರಿಗೆ ಈ ನಷ್ಟ ಎಷ್ಟು ಕಾಡಿರಬೇಕು ನೀವೇ ಊಹಿಸಿ. ಇನ್ನೊಂದು ಸೋಮಾರಿತನವುಂಟು. ಹಿಂತಿರುಗುವ ತಂತಿಯನ್ನು ಹಾಕದೆ, ಕೊಂಡಿಯ ಕಬ್ಬಿಣವೇ ಆ ಕೆಲಸ ಮಾಡಲಿ ಎಂದು ಬಿಡುವುದು. ಕೊಂಡಿಯಲ್ಲಿ ಗ್ರೀಸು, ಧೂಳು, ಅಲುಗಾಟ. ನಿಂತಾಗ ಬ್ರೇಕು ಸರಿ, ಓಡುವಾಗ ಇಲ್ಲ. ಬಿಳಿ ತಂತಿಯನ್ನು ಪ್ಲಗ್ಗಿನ ಮೂಲಕವೇ ಬ್ಯಾಟರಿಯವರೆಗೆ ಒಯ್ಯುವುದು ಅಲ್ಲಿಯ ರೂಢಿ, ಬ್ರೇಕಿನದು ನೀಲಿ.

ಎಷ್ಟು ವಿದ್ಯುತ್ ಬಿಡಬೇಕೆಂಬ ಲೆಕ್ಕವೂ ಕಾಲಕಾಲಕ್ಕೆ ಬದಲಾಯಿತು. ಮೊದಲು ಕಾರಿನ ಬ್ರೇಕ್ ಎಣ್ಣೆಯ ಒತ್ತಡ ಏರಿದಂತೆ ವಿದ್ಯುತ್ತೂ ಏರುವ ನಿಯಂತ್ರಕ. ಈಗ ವಾಹನ ನಿಧಾನವಾಗುವ ರಭಸವನ್ನೇ ಅಳೆದು ಬಿಡುವ ಪೆಟ್ಟಿಗೆ. ಹಳೆಯದರಲ್ಲೂ ಹೊಸದರಲ್ಲೂ ಕೈಸನ್ನೆ ಒಂದು ಉಳಿದುಬಂದಿದೆ. ಟ್ರೇಲರು ಬಾಲ ಆಡಿಸತೊಡಗಿದರೆ ಮುಂದಿನ ಬ್ರೇಕು ಮುಟ್ಟದೆ ಹಿಂದಿನದನ್ನು ಮಾತ್ರ ಮೆಲ್ಲಗೆ ಹಿಡಿಸಲು ಅದು ಬೇಕು.

ಇನ್ನು ೧೮೭೨ಕ್ಕೆ ಬರೋಣ. ವಾರ್ನರನ ಬ್ರೇಕು ವೆಸ್ಟಿಂಗ್‌ಹೌಸನ ಮೊದಲ ಬ್ರೇಕಿನಂಥದು: ವಿದ್ಯುತ್ ಇದ್ದರೆ ಹಿಡಿತ, ಇಲ್ಲದಿದ್ದರೆ ಇಲ್ಲ. ಕೊಂಡಿ ಕಳಚಿದರೆ ಪ್ಲಗ್ಗೂ ಕಿತ್ತು ಬರುತ್ತದೆ, ಹೊರೆ ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು. ಆದ್ದರಿಂದ ಟ್ರೇಲರಿನ ಮೇಲೆಯೇ ಒಂದು ಬ್ಯಾಟರಿ ಇಟ್ಟರು. ಜೊತೆಗೆ ಒಂದು ಸ್ವಿಚ್ಚು. ಅದರ ಗೂಟಕ್ಕೆ ಸಣ್ಣ ಉಕ್ಕಿನ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಎಳೆಯುವ ವಾಹನದ ಚೌಕಟ್ಟಿಗೆ ಕಟ್ಟುವುದು, ಕೊಂಡಿಗಲ್ಲ. ಬೇರ್ಪಟ್ಟ ಕೂಡಲೇ ಗೂಟ ಕಿತ್ತು ಬಂದು, ಟ್ರೇಲರು ತನ್ನ ಬ್ಯಾಟರಿಯಿಂದಲೇ ಬ್ರೇಕು ಹಾಕಿಕೊಳ್ಳುತ್ತದೆ. ಸರಕು ಸಾಗಿಸುವ ಟ್ರೇಲರುಗಳಿಗೆ ಅಮೆರಿಕಾದ ನಿಯಮವೆಂದರೆ, ಹೀಗೆ ಹಿಡಿದ ಬ್ರೇಕು ಕನಿಷ್ಠ ೧೫ ನಿಮಿಷ ಹಿಡಿದೇ ಇರಬೇಕು.

ವಿದ್ಯುತ್ ಬ್ರೇಕು ಅಮೆರಿಕಾ, ಆಸ್ಟ್ರೇಲಿಯಾಗಳಲ್ಲಿ ಬೇರೂರಿತು. ಯೂರೋಪಿನವರು ಸಣ್ಣ ಟ್ರೇಲರುಗಳಿಗೆ ಬೇರೆ ಉಪಾಯ ಹಿಡಿದರು: ಹಿಂದಿನ ಭಾರ ಮುಂದಕ್ಕೆ ಒತ್ತುವ ಒತ್ತಡದಿಂದಲೇ ಬ್ರೇಕು. ನಮ್ಮ ಟ್ರ್ಯಾಕ್ಟರು ಟ್ರೇಲರುಗಳಿಗೆ ಬ್ರೇಕು ಹಾಕಿಸುವವರು ಹೆಚ್ಚಾಗಿ ಎಣ್ಣೆ ಅಥವಾ ಗಾಳಿಯ ಬ್ರೇಕನ್ನೇ ಹಾಕಿಸುತ್ತಾರೆ.

ಕೆರೆ ಏರಿಯ ಯಜಮಾನರು ಹೋದ ವರ್ಷ ಎಣ್ಣೆಯ ಬ್ರೇಕು ಹಾಕಿಸಿ ನನ್ನನ್ನು ಕರೆಸಿದರು. ಈ ಕಥೆಯನ್ನೆಲ್ಲ ಹೇಳಿದೆ. ತಲೆದೂಗಿ ಕೇಳಿದರು. ಆಮೇಲೆ ಕೊಂಡಿಯ ಕಡೆ ನೋಡಿ, “ಇದು ಕಳಚ್ಕೊಂಡ್ರೆ ನಂದು ನಿಲ್ತದಾ?” ಎಂದರು. ನಿಲ್ಲುವ ಹಾಗೆ ಕೂಡಿಸಿರಲಿಲ್ಲ. ಅಂದೇ ಬೆಸುಗೆಯವನಿಗೆ ಹೇಳಿ ಕಳಿಸಿದರು. ಸಂಜೆಯ ಹೊತ್ತಿಗೆ ಕೊಂಡಿಯ ಎರಡೂ ಮಗ್ಗುಲಿಗೆ ಸರಪಳಿ ಬಿತ್ತು.