ಥಾರ್ ಮರುಭೂಮಿಯ ಹಳೆ ಮನೆಗಳು: ಕೂಲರಿಗಿಂತ ಮೊದಲು ಅರ್ಥಿಂಗ್ ನೋಡಿ

2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂಥ ಊರಲ್ಲಿ ಕೂಲರ್ ಐಷಾರಾಮ ಅಲ್ಲ, ಜೀವ ಉಳಿಸೋ ಸಾಧನ. ಹಳೆ ಮನೆಯಲ್ಲಿ ಅದೇ ಜೀವ ತೆಗೀಬಹುದು. ಯಾಕೆ?

ವೈರು: ಸಾಮಾನ್ಯ ಪಿವಿಸಿ ವೈರು ತಾಳೋದು 70 ಡಿಗ್ರಿವರೆಗೆ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ ಹೊರುವ ಕರೆಂಟಿನಲ್ಲಿ ಸುಮಾರು ಶೇ. 71ರಷ್ಟನ್ನು ಮಾತ್ರ 50 ಡಿಗ್ರಿಯಲ್ಲಿ ಹೊರಬಲ್ಲದು. ಬಲ್ಬು, ಫ್ಯಾನಿಗೆಂದು ಎಳೆದ ವೈರಿಗೆ ಎಸಿ ಸಿಕ್ಕಿಸಿದರೆ ಇನ್ಸುಲೇಷನ್ ಬೇಗ ಗಡುಸಾಗಿ ಬಿರಿಯುತ್ತದೆ.

ಅರ್ಥಿಂಗ್: ಒಣ ಮರಳಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯಲ್ಲ. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಆಗಾಗ ನೀರು ಹೊಯ್ಯಬೇಕು. ಅರ್ಥಿಂಗ್ ಕೆಟ್ಟಿದ್ದರೆ, ಕೂಲರಿನ ಒದ್ದೆ ತಗಡಿಗೆ ಬಂದ ಕರೆಂಟು ಮುಟ್ಟಿದವರ ಮೈ ಮೂಲಕವೇ ನೆಲಕ್ಕಿಳಿಯುತ್ತದೆ.

ಏನು ಮಾಡಿಸಬೇಕು: ಎಂಸಿಬಿ ಕಾಯೋದು ವೈರನ್ನು, ಮನುಷ್ಯರನ್ನಲ್ಲ. ಮನುಷ್ಯರಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. ದುಡ್ಡು ಕಮ್ಮಿಯಿದ್ದರೆ ಮೊದಲು ಅದನ್ನೇ ಹಾಕಿಸಿ, ಆಗಾಗ ಟೆಸ್ಟ್ ಬಟನ್ ಒತ್ತಿ ನೋಡಿ. ಆಮೇಲೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಎಸಿಗೆ ಪ್ರತ್ಯೇಕ ವೈರು ಎಳೆಸಿ. ಕೂಲರಿಗೆ ನೀರು ತುಂಬುವಾಗ ಪ್ಲಗ್ ಕಿತ್ತೇ ತುಂಬಿ.

ಯಾರ ಹೊಣೆ: ಬಾಡಿಗೆದಾರ ಗೋಡೆ ಒಡೆಸೋಕಾಗಲ್ಲ, ಮಾಲೀಕನಿಗೆ ಅವಸರವಿಲ್ಲ. ಬಿಸಿಗಾಳಿ ಎದುರಿಸುವ ಸರ್ಕಾರಿ ಯೋಜನೆಗಳು ನೀರು, ನೆರಳಿನ ಜೊತೆಗೆ ಬಡವರ ಮನೆಯ ವೈರಿಂಗಿಗೂ ದುಡ್ಡು ಇಡಲಿ ಅಂತ ಕೇಳೋದು ರಾಜಕೀಯವೇ, ಕೇಳಲೇಬೇಕಾದ ರಾಜಕೀಯ.